ಗೋಡೆಯಾಚೆ ಇಪ್ಪತ್ನಾಲ್ಕು ವೋಲ್ಟು

ಪಂಪಿನ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸಲು ವೋಲ್ಟು ಕೊಡುವ ಆ ಪವರ್ ಸಪ್ಲೈಗೆ ‘ನೀನು ಯಾರು’ ಎಂದು ಕಂಪ್ಯೂಟರಿನಿಂದ ಕೇಳಿ, ಅದು ಕೊಟ್ಟ ಉತ್ತರವನ್ನು ಕೊನೆಯ ಅಂಕಿಯವರೆಗೂ ಓದಿದ್ದೇ ತಪ್ಪಾಯಿತು. ಓದದಿದ್ದರೆ ಈ ಶುಕ್ರವಾರವೂ ಹಿಂದಿನ ಶುಕ್ರವಾರದ ಹಾಗೆಯೇ ಕಳೆದುಹೋಗುತ್ತಿತ್ತು. ನಾಲ್ಕು ಗಂಟೆಯ ಮೀಟಿಂಗಿನಲ್ಲಿ ಹೊಗಳಿಸಿಕೊಂಡು, ನಾಚಿದವನಂತೆ ನಟಿಸಿ, ಆರಕ್ಕೆ ಮನೆ ಸೇರಿ, ಆ ಹೊಗಳಿಕೆಗೆ ಕೈಯಿಂದ ಇನ್ನೆರಡು ಮಾತು ಸೇರಿಸಿ ಹೆಂಡತಿಗೆ ಒಪ್ಪಿಸುತ್ತಿದ್ದ. ದಿನಾ ಬೆಳಿಗ್ಗೆ ಪರೀಕ್ಷೆ ಶುರು ಮಾಡುವ ಮೊದಲು ಈ ಪ್ರಶ್ನೆ ಕೇಳಬೇಕೆಂಬುದು ನಿಯಮ. ಸಪ್ಲೈ ತನ್ನ ಕಂಪನಿಯ ಹೆಸರು, ಮಾದರಿ, ಆಮೇಲೆ ತನ್ನ ಕ್ರಮಸಂಖ್ಯೆಯನ್ನು ಪರದೆಯ ಮೇಲೆ ಬರೆದು ಹೇಳುತ್ತದೆ. ಅವನು ಮೊದಲೆರಡನ್ನು ನೋಡಿ, ಮದುವೆಮನೆಯಲ್ಲಿ ದೂರದ ನೆಂಟರ ಪರಿಚಯ ಮಾಡಿಸಿಕೊಳ್ಳುವವನ ಹಾಗೆ, ಗೊತ್ತಾಯಿತು ಗೊತ್ತಾಯಿತು ಎಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಇವತ್ತು ವರ್ಷದ ತಪಾಸಣೆಯ ಫಾರಂ ತುಂಬಬೇಕಾಗಿ ಬಂದು ಕ್ರಮಸಂಖ್ಯೆಯನ್ನೂ ಬರೆದುಕೊಂಡ. ಕೊನೆಗೆ ನಾಲ್ಕು ಒಂದು ಎಂಟು. ಬರೆದದ್ದನ್ನು ತಾಳೆ ನೋಡುವುದು ಇಪ್ಪತ್ತಾರು ವರ್ಷದ ಅಭ್ಯಾಸ. ಕನ್ನಡಕವನ್ನು ಹಣೆಗೇರಿಸಿ, ಮೇಜಿನ ಮೇಲೆ ಅರ್ಧ ಮಲಗಿ, ಸಪ್ಲೈಯ ಬೆನ್ನಿನ ತಗಡಿಗೆ ಮೂಗು ತಾಗಿಸಿ ಓದಿದ. ಅಲ್ಲಿ ನಾಲ್ಕು ಒಂದು ಏಳು ಎಂದಿತ್ತು.

ತಗಡಿನ ಮೇಲೆ ಧೂಳಿರಬಹುದೆಂದು ಬೆರಳಿಗೆ ಎಂಜಲು ಹಚ್ಚಿ ಒರೆಸಿದ. ಏಳು ಇನ್ನಷ್ಟು ಚೆನ್ನಾಗಿ ಏಳಾಯಿತು. ಆಗ ಅವನಿಗೆ ಒಂದು ಕೆಟ್ಟ ಯೋಚನೆ ಬಂತು. ಸಪ್ಲೈಯಿಂದ ಗೋಡೆಗೆ ಹೋಗಿದ್ದ ನೆಟ್‌ವರ್ಕ್ ತಂತಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಮತ್ತೆ ಕೇಳಿದ, ನೀನು ಯಾರು. ತಂತಿಯಿಲ್ಲದ ಸಪ್ಲೈ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಪರದೆಯ ಮೇಲೆ ಅದೇ ಕಂಪನಿ, ಅದೇ ಮಾದರಿ, ಅದೇ ನಾಲ್ಕು ಒಂದು ಎಂಟು, ಒಂದಿಷ್ಟೂ ತಡವರಿಸದೆ ಬಂತು. ಇಂಥ ಸಪ್ಲೈಗಳು ಈ ಮಹಡಿಯಲ್ಲಿ ಎರಡೇ ಇದ್ದವು, ಒಂದೇ ದಿನ ಒಂದೇ ಲಾರಿಯಲ್ಲಿ ಬಂದ ಅವಳಿಗಳು. ಒಂದು ಇವನ ಮೇಜಿನ ಮೇಲೆ. ಇನ್ನೊಂದು ಪ್ಲೈವುಡ್ ಗೋಡೆಯಾಚೆ, ಐದು ತಿಂಗಳ ಹಿಂದೆ ಸೇರಿದ ಹುಡುಗಿಯ ಕೋಣೆಯಲ್ಲಿ. ಒಂಬತ್ತು ದಿನದಿಂದ ಭೂತ ಹಿಡಿದಂತೆ ತನ್ನಷ್ಟಕ್ಕೆ ತಾನೇ ಏರಿ ಇಳಿದು ಅವಳ ಹನ್ನೊಂದು ಬೋರ್ಡುಗಳನ್ನು ಸುಟ್ಟದ್ದು ಅದೇ. ಆ ಭೂತ ಬಿಡಿಸಲು ದಿನಕ್ಕೆ ಎರಡು ಸಲ ಹೋಗಿ ಬರುತ್ತಿದ್ದವನು ಇವನು.

ತಂತಿಯನ್ನು ಮತ್ತೆ ಸಿಕ್ಕಿಸಿದ. ಯಾಕೆ ಸಿಕ್ಕಿಸಿದನೆಂದು ಅವನಿಗೂ ಗೊತ್ತಿಲ್ಲ, ಕಿತ್ತಿಟ್ಟರೆ ಯಾರಾದರೂ ನೋಡುತ್ತಾರೆಂಬ ಭಯವಿರಬೇಕು. ಹತ್ತು ದಿನದ ಹಿಂದೆ ಕೋಣೆಗಳ ಮುಂದಿನ ಓಣಿಯ ಮೇನ್ ಸ್ವಿಚ್ಚಿನ ರಿಪೇರಿಗೆಂದು ಅರ್ಧ ಗಂಟೆ ಕರೆಂಟು ತೆಗೆದಿದ್ದರು. ಓಣಿಯ ತುದಿಯಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕ, ಒಂದು ಕಪ್ಪು ಪೆಟ್ಟಿಗೆ ಇದೆ. ಎಲ್ಲ ಉಪಕರಣಗಳ ತಂತಿಗಳೂ ಅದರೊಳಕ್ಕೆ ಹೋಗುತ್ತವೆ, ಯಾವ ಉಪಕರಣಕ್ಕೆ ಯಾವ ವಿಳಾಸವೆಂದು ಅಂಕಿಗಳನ್ನು ಹಂಚುವುದು ಅದೇ. ಕರೆಂಟು ಹೋಗಿ ಬಂದ ಮೇಲೆ ಅದು ಹಳೆಯದನ್ನೆಲ್ಲ ಮರೆತು ಹೊಸದಾಗಿ ಹಂಚಿರಬೇಕು, ಇವನ ಸಪ್ಲೈಯ ವಿಳಾಸ ಅವಳ ಸಪ್ಲೈಗೆ ಹೋಗಿರಬೇಕು. ಇವನು ಮಾತ್ರ ಆ ಹಳೆಯ ವಿಳಾಸವನ್ನು ಚೀಟಿಯಲ್ಲಿ ಬರೆದು, ಅಳಿಸದಿರಲೆಂದು ಮೇಲೆ ಪಾರದರ್ಶಕ ಟೇಪು ಅಂಟಿಸಿ, ಸಪ್ಲೈಯ ಹಣೆಗೆ ಹಚ್ಚಿ ಕೂತಿದ್ದ. ಮನೆ ಬದಲಾಯಿಸಿದವನ ಹಳೆ ವಿಳಾಸಕ್ಕೆ ಒಂಬತ್ತು ದಿನ ಪತ್ರ ಹಾಕಿದಂತಾಯಿತು, ಅದೂ ಬೈಗುಳದ ಪತ್ರ.

ಎಲ್ಲವನ್ನೂ ಕಂಪ್ಯೂಟರಿನಿಂದಲೇ ಮಾಡಬೇಕೆಂದು ವಿಭಾಗದ ಮುಖ್ಯಸ್ಥರು ಹೇಳಿದಾಗ ಎರಡು ದಿನದ ತರಬೇತಿ ಇಟ್ಟಿದ್ದರು. ಕಲಿಸಲು ಬಂದವನು ಇವನ ತಂಗಿಯ ಮಗನ ವಯಸ್ಸಿನವನು, ಮಾತಾಡುವಾಗ ಉಸಿರು ತೆಗೆದುಕೊಳ್ಳುವ ಅಭ್ಯಾಸವಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಇವನು ಒಂದೇ ಒಂದು ಪ್ರಶ್ನೆ ಕೇಳಿದ್ದ. “ಒಂದೇ ಪೆಟ್ಟಿಗೇಲಿ ಎಲ್ಲರ ತಂತಿನೂ ಸೇರಿದ್ರೆ, ಯಾರ ಮಾತು ಯಾರಿಗೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?” ಇಡೀ ಕೋಣೆ ನಕ್ಕಿತ್ತು. ಕಲಿಸುವವನೂ ನಕ್ಕು, “ವಿಳಾಸ ಇರುತ್ತಲ್ಲ ಸಾರ್, ಪೋಸ್ಟ್‌ಮ್ಯಾನ್ ಇದ್ದ ಹಾಗೆ” ಎಂದಿದ್ದ. ಅಂದಿನಿಂದ ಅವನು ಈ ವಿಷಯದಲ್ಲಿ ಯಾರನ್ನೂ ಏನೂ ಕೇಳದಿರಲು ನಿಶ್ಚಯಿಸಿದ್ದ. ಆದ್ದರಿಂದಲೇ, ಒಂಬತ್ತು ದಿನದ ಹಿಂದೆ ಇಪ್ಪತ್ನಾಲ್ಕು ವೋಲ್ಟು ಕೊಡು ಎಂದು ಆಜ್ಞೆ ಕಳಿಸಿದಾಗ ಕಂಪ್ಯೂಟರು ‘ಕೊಟ್ಟಾಯಿತು, ಇಪ್ಪತ್ನಾಲ್ಕು’ ಎಂದು ತೋರಿಸಿ, ಕಣ್ಣೆದುರಿನ ಸಪ್ಲೈ ಮಾತ್ರ ಸೊನ್ನೆಯಲ್ಲೇ ಕೂತಿದ್ದಾಗ, ತಾನೇ ಯಾವುದೋ ಪಾಠ ತಪ್ಪಿಸಿಕೊಂಡಿದ್ದೇನೆಂದು ಅವನಿಗೆ ಖಾತ್ರಿಯಾಯಿತು. ಎದ್ದು ಬಾಗಿಲು ಮುಚ್ಚಿ ಬಂದ. ಕಂಪ್ಯೂಟರು ಇಪ್ಪತ್ನಾಲ್ಕು ಎಂದರೆ ಎಡಗೈಯಿಂದ ತನ್ನ ಸಪ್ಲೈಯ ಗುಂಡಿ ತಿರುಗಿಸಿ ಇಪ್ಪತ್ನಾಲ್ಕು ಮಾಡುವುದು, ಮೂವತ್ತು ಎಂದರೆ ಮೂವತ್ತು. ಪಂಪಿನ ಬೋರ್ಡುಗಳಿಗೇನು, ವೋಲ್ಟು ಯಾರು ಕೊಟ್ಟರೂ ಒಂದೇ. ಸಂಜೆಗೆ ಕಂಪ್ಯೂಟರು ವೋಲ್ಟುಗಳ ಏರಿಳಿತದ ಸೊಗಸಾದ ನಕ್ಷೆ ಬರೆದುಕೊಟ್ಟಿತು. ಮುಖ್ಯಸ್ಥರು ಅದನ್ನು ಗೋಡೆಗೆ ಅಂಟಿಸಿ, “ನೋಡಿ, ಐವತ್ತೆರಡನೇ ವಯಸ್ಸಲ್ಲಿ ಇವರು ಕಲಿತರು, ನಿಮಗೇನು ಕಷ್ಟ” ಎಂದು ಎಲ್ಲರಿಗೂ ತೋರಿಸಿದರು. ಅಷ್ಟು ಹೇಳಿಸಿಕೊಂಡ ಮೇಲೆ ಗುಂಡಿಯ ಗುಟ್ಟನ್ನು ಬಿಚ್ಚುವುದಾದರೂ ಹೇಗೆ.

ಗೋಡೆಯಾಚೆಯಿಂದ ಸುಟ್ಟ ವಾಸನೆ ಬಂದದ್ದು ಆ ಮೊದಲ ದಿನವೇ. ಅವಳು ಎಲೆಕ್ಟ್ರಾನಿಕ್ ತಕ್ಕಡಿಯ ಬೋರ್ಡುಗಳನ್ನು ನೋಡುವವಳು, ಐದು ವೋಲ್ಟಿನ ನಾಜೂಕಿನ ಬೋರ್ಡು. ಅವಳ ಕಂಪ್ಯೂಟರು ಇನ್ನೂ ಬಂದಿಲ್ಲವಾದ್ದರಿಂದ ಸಪ್ಲೈಯನ್ನು ಕೈಯಲ್ಲೇ ನಡೆಸುತ್ತಿದ್ದಳು, ನೆಟ್‌ವರ್ಕ್ ತಂತಿ ಮಾತ್ರ ಸಿಕ್ಕಿಸಿಟ್ಟಿದ್ದರು. ಅವಳು ಬಂದು ಬಾಗಿಲು ತಟ್ಟಿದಾಗ ಇವನು ಮೊದಲು ಮಾಡಿದ ಕೆಲಸ ಪರೀಕ್ಷೆಯನ್ನು ನಿಲ್ಲಿಸಿದ್ದು. ನಡೆಯುತ್ತಿರುವ ಪರೀಕ್ಷೆಯನ್ನು ಬಿಟ್ಟು ಏಳಬಾರದೆಂದು ಇವನ ಗುರುಗಳು, ಈಗಿಲ್ಲ, ಕಿವಿ ಹಿಂಡಿ ಕಲಿಸಿದ್ದರು. ನಿಲ್ಲಿಸಿ, ಎದ್ದು, ಅವಳ ಕೋಣೆಗೆ ಹೋಗಿ ನೋಡಿದರೆ ಸಪ್ಲೈ ಹಾಲು ಕುಡಿದ ಮಗುವಿನಂತೆ ಸುಮ್ಮನಿತ್ತು. ಇವನು ಪ್ಲಗ್ಗು ಕಿತ್ತು ಹಾಕಿದ, ಬೆನ್ನು ತಟ್ಟಿದ, ಅರ್ಥಿಂಗ್ ಸರಿಯಿಲ್ಲ ಅಂದ. ಇವನಿದ್ದಷ್ಟು ಹೊತ್ತೂ ಅದು ಐದು ವೋಲ್ಟು ಬಿಟ್ಟು ಕದಲಲಿಲ್ಲ. ಇವನು ವಾಪಸು ಬಂದು ಕೂತು ಪರೀಕ್ಷೆ ಶುರು ಮಾಡಿದ ಐದನೆಯ ನಿಮಿಷಕ್ಕೆ ಅವಳು ಮತ್ತೆ ಬಾಗಿಲಲ್ಲಿ. “ಗುಂಡಿ ತಿರುಗಿಸಿದರೂ ಕೇಳಲ್ಲ ಸಾರ್. ಮೂಲೇಲಿ ಏನೋ ಸಣ್ಣ ಗುರುತು ಬರುತ್ತೆ, ನೀವು ಬಂದ ತಕ್ಷಣ ಹೋಗುತ್ತೆ.” ಹೊರಗಿನಿಂದ ಯಾರೋ ಆಜ್ಞೆ ಕೊಡುತ್ತಿದ್ದಾರೆ ಎಂದು ಸಪ್ಲೈ ಬಾಯಿಬಿಟ್ಟು ಹೇಳುವ ಗುರುತು ಅದು. ಇವನು ಹಿರಿಯನ ಗತ್ತಿನಲ್ಲಿ, “ಅಂಥದ್ದೆಲ್ಲ ಬರ್ತಿರುತ್ತೆ ಕಣಮ್ಮ, ತಲೆ ಕೆಡಿಸ್ಕೋಬೇಡ” ಎಂದಿದ್ದ.

ಮೂರನೆಯ ದಿನಕ್ಕೆ ಮುಖ್ಯಸ್ಥರು ಬಂದು, ಇವನಿದ್ದಾಗ ಸಪ್ಲೈ ಸುಮ್ಮನಿರುವುದನ್ನು ನೋಡಿ, ಇವನಿಗೆ ಹೇಳಿದ್ದು ಒಂದೇ ಮಾತು, “ಅದು ನಿಮ್ಮ ಕೈಗುಣ.” ಇಪ್ಪತ್ತಾರು ವರ್ಷದಲ್ಲಿ ಅವನ ಕೈಗೆ ಗುಣವಿದೆಯೆಂದು ಯಾರೂ ಹೇಳಿರಲಿಲ್ಲ. ಮನೆಯಲ್ಲಂತೂ ಅವನು ಮುಟ್ಟಿದ ನಲ್ಲಿ ಜಾಸ್ತಿ ಸೋರುವುದೇ ವಾಡಿಕೆ. ಅವತ್ತು ಸಂಜೆ ಈ ಮಾತನ್ನು ಹೆಂಡತಿಗೆ ಹೇಳಿದಾಗ ಅವಳು ಮಡಚುತ್ತಿದ್ದ ಬಟ್ಟೆಯಿಂದ ತಲೆಯೆತ್ತದೆ, “ಹಾಗಾದ್ರೆ ಇಸ್ತ್ರಿಪೆಟ್ಟಿಗೆ ಮುಂದೆ ಒಂದು ಗಳಿಗೆ ಕೂತ್ಕೊಳ್ರೀ, ಎರಡು ತಿಂಗಳಿಂದ ಬಿಸಿ ಆಗ್ತಿಲ್ಲ” ಅಂದಳು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಮನೆಗೆ ಗೊತ್ತಾಗದ ಗುಣ ಹೊರಗೆ ಗೊತ್ತಾಗುವುದು ಲೋಕರೂಢಿ ಎಂದುಕೊಂಡ. ಮಲಗುವ ಮುನ್ನ ಎರಡೂ ಅಂಗೈಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡದ್ದೂ ನಿಜ. ಮಾರನೆಯ ದಿನದಿಂದ ಅವನು ಹುಡುಗಿಯ ಕೋಣೆಗೆ ಹೋಗುವ ನಡಿಗೆಯೇ ಬದಲಾಯಿತು, ಡಾಕ್ಟರು ವಾರ್ಡಿಗೆ ಹೋಗುವಂಥ ಸಾವಕಾಶದ ನಡಿಗೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಬಿದ್ದದ್ದು ಅವಳಿಗೆ. ಆರು ತಿಂಗಳ ಪ್ರೊಬೇಷನ್ ಮುಗಿಯಲು ಇನ್ನು ಮೂರು ವಾರ. ಖಾಯಂ ಮಾಡುವುದೋ ಬಿಡುವುದೋ ಇವತ್ತು ನಾಲ್ಕು ಗಂಟೆಗೆ ನಿರ್ಧಾರ. ಬರೆಯಬೇಕಾದ ಮಾತನ್ನು ಮುಖ್ಯಸ್ಥರು ಬುಧವಾರವೇ ಇವನಿಗೆ ಓದಿ ಹೇಳಿದ್ದರು. ‘ಕೆಲಸದಲ್ಲಿ ಕೈ ಹಿಡಿತ ಸಾಲದು.’ ಇವನು ಕನ್ನಡಕ ಒರೆಸಿಕೊಂಡ. ಈಗ ಆ ಕನ್ನಡಕವನ್ನು ನೆನೆದರೆ ಮೈಯೆಲ್ಲ ಬಿಸಿಯಾಯಿತು. ಹೋಗಿ ಹೇಳಿಬಿಡಬೇಕು, ಎರಡು ವಾಕ್ಯದ ಮಾತು. ಆದರೆ ಮೊದಲನೆಯ ವಾಕ್ಯ ಹೇಳಿದರೆ ಎರಡನೆಯದನ್ನು ಕೇಳಿಯೇ ಕೇಳುತ್ತಾರೆ. ನಿಮ್ಮ ಆಜ್ಞೆ ಅಲ್ಲಿಗೆ ಹೋಗುತ್ತಿದ್ದರೆ ನಿಮ್ಮ ಮೇಜಿನ ಮೇಲೆ ವೋಲ್ಟು ಕೊಟ್ಟವರು ಯಾರು? ವಿಳಾಸ ಅದಲುಬದಲಾದದ್ದು ಪೆಟ್ಟಿಗೆಯ ತಪ್ಪು, ಯಾರಿಗಾದರೂ ಆಗುವಂಥದ್ದು, ಅದನ್ನು ಹೇಳುವುದರಲ್ಲಿ ಒಂದು ಗಾಂಭೀರ್ಯವೂ ಇದೆ. ಬಾಗಿಲು ಮುಚ್ಚಿಕೊಂಡು ಒಂಬತ್ತು ದಿನ ಎಡಗೈಯಲ್ಲಿ ಗುಂಡಿ ತಿರುಗಿಸಿದ್ದು ಮಾತ್ರ ಪರೀಕ್ಷೆಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದಂತೆ, ಅದನ್ನು ಯಾವ ಪೆಟ್ಟಿಗೆಯ ಮೇಲೆ ಹಾಕುವುದು?

ಮೂರು ಗಂಟೆಗೆ ಹೇಳಿಯೇಬಿಡುತ್ತೇನೆಂದು ಎದ್ದು ಅವಳ ಕೋಣೆಗೆ ಹೋದ. ಏಳುವ ಮೊದಲು ಪರೀಕ್ಷೆ ನಿಲ್ಲಿಸಲು ಕೈ ತಾನಾಗಿ ಹೋಯಿತು. ಇವತ್ತು ಅದು ಶುರುವೇ ಆಗಿರಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತು ಎರಡೂ ಕೈಗಳನ್ನು ತೊಡೆಗಳ ಕೆಳಗೆ ಒತ್ತಿಟ್ಟುಕೊಂಡಿದ್ದಳು, ಕೈಗಳ ಮೇಲೆಯೇ ಅಪನಂಬಿಕೆ ಬಂದವಳಂತೆ. ಮುಂದೆ ಒಂದು ಹಾಳೆ. ಅದರ ತುಂಬ ಸುಟ್ಟ ಬೋರ್ಡಿನ ನಂಬರು, ಗಂಟೆ, ಎಷ್ಟು ವೋಲ್ಟಿಗೆ ಸುಟ್ಟಿತು, ಎಲ್ಲ ದುಂಡಗಿನ ಅಕ್ಷರದಲ್ಲಿ.

“ಬಂದ್ರಾ ಸಾರ್, ಒಳ್ಳೇದಾಯ್ತು,” ಅಂದಳು. “ಇನ್ನೂ ಮೂರು ಬೋರ್ಡು ಬಾಕಿ ಇದೆ. ಮೀಟಿಂಗಿಗೆ ಮುಂಚೆ ಮುಗಿಸಿಬಿಡ್ತೀನಿ. ನೀವು ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀರಾ?”

“ಅದಕ್ಕೇನಮ್ಮ,” ಅಂದ.

“ನಮ್ಮಮ್ಮ ಹೇಳ್ತಾರೆ, ಎಂಟನೇ ಕ್ಲಾಸಲ್ಲಿ ರೇಡಿಯೋ ಬಿಚ್ಚಿ ಜೋಡಿಸಿದೋಳು ನೀನು, ನಿನಗ್ಯಾಕೆ ಹೀಗಾಗುತ್ತೆ ಅಂತ. ನನಗೂ ಗೊತ್ತಾಗ್ತಿಲ್ಲ ಸಾರ್. ರಾತ್ರಿ ನಿದ್ದೆಗಣ್ಣಲ್ಲಿ ಗುಂಡಿ ತಿರುಗಿಸ್ತೀನಂತೆ, ತಂಗಿ ನೋಡಿ ನಗ್ತಾಳೆ.”

ಇವನು ಇನ್ನೊಂದು ಸ್ಟೂಲು ಎಳೆದುಕೊಂಡ. ಕೂತ. ಅವಳು ಮೂರೂ ಬೋರ್ಡು ಮುಗಿಸಿದಳು, ಒಂದು ತಪ್ಪಿಲ್ಲ. ತಂತಿ ಹಿಡಿಯುವ ಅವಳ ಬೆರಳುಗಳು ಎಷ್ಟು ಹಗುರವಾಗಿ, ಎಷ್ಟು ಸರಿಯಾಗಿ ಓಡುತ್ತಿದ್ದವೆಂದರೆ, ತನ್ನ ಗುರುಗಳಿದ್ದರೆ ಇವಳನ್ನು ನೋಡಿ ತನ್ನನ್ನು ಮರೆತೇಬಿಡುತ್ತಿದ್ದರು ಎನ್ನಿಸಿತು. ಅವನು ಕಳ್ಳನಿಂದ ಮನೆ ಕಾಯಲು ಆ ಕಳ್ಳನನ್ನೇ ಕೂರಿಸಿದಂತೆ ಕೂತಿದ್ದ. ಮುಗಿಸಿ ಅವಳು, “ನೀವಿದ್ರೆ ಎಲ್ಲ ಸರಿ ಹೋಗುತ್ತೆ ಸಾರ್” ಅಂದಾಗ ಹೇಳಬೇಕೆಂದು ಬಾಯಿ ತೆರೆದ. “ನೀರು ಕುಡಿಯಮ್ಮ,” ಎಂದು ಹೇಳಿ ಎದ್ದು ಬಂದ.

ನಾಲ್ಕು ಗಂಟೆಗೆ ಮುಖ್ಯಸ್ಥರ ಕೋಣೆ. ಅವರು ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವ ಮೊದಲು ಎದುರಿನವರಿಗೆ ಟೀ ಕೊಡಿಸುವವರು. ಅವಳ ಮುಂದೆ ಟೀ ಬಂದು ಕೂತಿತ್ತು. ಅದು ಏನೆಂದು ಅವಳಿಗೂ ಗೊತ್ತಿದ್ದಿರಬೇಕು, ಮುಟ್ಟಲಿಲ್ಲ.

“ಯಾರದೂ ತಪ್ಪು ಅಂತಲ್ಲ,” ಎಂದು ಮುಖ್ಯಸ್ಥರು ಶುರು ಮಾಡಿದರು. “ಕೆಲವರಿಗೆ ಈ ಕೆಲಸ ಒಗ್ಗುತ್ತೆ, ಕೆಲವರಿಗೆ ಒಗ್ಗಲ್ಲ. ಸೋಮವಾರದಿಂದ ತಕ್ಕಡಿ ಬೋರ್ಡನ್ನೂ ಇವರೇ ನೋಡ್ಕೊಳ್ಳಲಿ ಅಂತ ಯೋಚನೆ. ಅದಕ್ಕೆ ಅವರ ಕೈ ಬೇಕು.”

ಅವಳು ತಲೆ ತಗ್ಗಿಸಿ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡುತ್ತಿದ್ದಳು, ಅಂಚಿಗೆ ಅಂಚು ಕೂಡಿಸಿ, ನಿಧಾನಕ್ಕೆ. ಆ ಅಂಚುಗಳು ಸರಿಯಾಗಿ ಕೂಡಿದ್ದನ್ನು ನೋಡಲಾಗದೆ ಅವನು ಬಾಯಿಬಿಟ್ಟ. “ಸಾರ್, ಅದನ್ನ ಏರಿಸಿ ಇಳಿಸ್ತಿದ್ದದ್ದು ನಾನು. ನನ್ನ ಕೋಣೆಯಿಂದ. ವಿಳಾಸ ಬದಲಾಗಿದೆ. ನನ್ನ ಆಜ್ಞೆ ಎಲ್ಲ ಅವರ ಸಪ್ಲೈಗೆ ಹೋಗಿದೆ.”

ಮುಖ್ಯಸ್ಥರು ಅವನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟು ಬರಬೇಕಾಗಿತ್ತು. ಬಂದದ್ದು ಪ್ರೀತಿ. “ಗೊತ್ತಾಯ್ತು ಬಿಡಿ. ಹೆಣ್ಣುಮಗು, ಕೆಲಸ ಹೋಗುತ್ತೆ ಅಂತ ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಿ. ನಿಮ್ಮ ಪರೀಕ್ಷೆ ಒಂದಿನಾನೂ ನಿಂತಿಲ್ವಲ್ಲ, ನಕ್ಷೆ ಗೋಡೆ ಮೇಲಿದೆ. ಅಲ್ಲಿಗೆ ಹೋದದ್ದು ನಿಮ್ಮ ಮೇಜಿಗೆ ಹೇಗೆ ಬರುತ್ತೆ?”

ಬಂತಲ್ಲ ಆ ಪ್ರಶ್ನೆ. ಅವನು ಕಿಟಕಿಯ ಕಡೆ ನೋಡಿದ, ಅಲ್ಲಿ ಏನೂ ಇರಲಿಲ್ಲ. ಮುಖ್ಯಸ್ಥರು ಅವನ ಮೌನವನ್ನು ದೊಡ್ಡ ಮನಸ್ಸೆಂದು ತಿಳಿದು ಇನ್ನೇನು ಎದ್ದು ಅವನ ಭುಜ ತಟ್ಟುವವರಿದ್ದರು. ಅಷ್ಟರಲ್ಲಿ ಅವಳು ಮಡಿಸಿದ ಹಾಳೆಯನ್ನು ಬಿಚ್ಚಿ, ತಲೆಯೆತ್ತಿ, ಇವನನ್ನೇ ನೋಡುತ್ತ ಒಂದೇ ಮಾತು ಹೇಳಿದಳು. “ತೋರಿಸಿ.”

ಅವರಿಬ್ಬರೂ ಅವಳ ಕೋಣೆಗೆ ಹೋದರು. ಇವನು ತನ್ನ ಕೋಣೆಗೆ ಬಂದು ಕಂಪ್ಯೂಟರಿನ ಮುಂದೆ ಕೂತ. ಪ್ಲೈವುಡ್ಡಿನಾಚೆ ಕುರ್ಚಿ ಎಳೆದದ್ದು ಕೇಳಿಸಿತು, ಮುಖ್ಯಸ್ಥರು ಗಂಟಲು ಸರಿ ಮಾಡಿಕೊಂಡದ್ದು ಕೇಳಿಸಿತು. ಪರದೆಯ ಮೇಲೆ ಆಜ್ಞೆ ಬರೆಯುವ ಜಾಗದಲ್ಲಿ ಗೆರೆಯೊಂದು ಮಿಟುಕುತ್ತಿತ್ತು. ಆಗ ಅವನಿಗೆ ಹೊಳೆದದ್ದೇನೆಂದರೆ, ಹೇಳುವುದನ್ನು ಹೇಳಿ ಆಗಿದೆ. ಈಗ ಏನೂ ಒತ್ತದೆ ಸುಮ್ಮನೆ ಕೂತರೂ ಆಯಿತು. ಎರಡು ನಿಮಿಷ ಕಾದು, ಏನೂ ಆಗದ್ದನ್ನು ನೋಡಿ, ಮುಖ್ಯಸ್ಥರು ಬಂದು ಭುಜ ತಟ್ಟುತ್ತಾರೆ. ಸತ್ಯ ಹೇಳಿದ ಪುಣ್ಯವೂ ಉಳಿಯಿತು, ಕೈಗುಣವೂ ಉಳಿಯಿತು, ದೊಡ್ಡ ಮನಸ್ಸು ಬೇರೆ ಮೇಲೆ ಬಂತು. ಸೋಮವಾರ ಗುಟ್ಟಾಗಿ ವಿಳಾಸ ಸರಿಪಡಿಸಿದರೆ ಭೂತವೂ ಹೋಯಿತು. ಇಷ್ಟು ಚೆನ್ನಾಗಿ ಹೊಂದಿಕೊಂಡ ಸುಳ್ಳು ಅವನ ಬದುಕಿನಲ್ಲಿ ಇನ್ನೊಂದು ಸಿಕ್ಕಿರಲಿಲ್ಲ. ತಾನು ಇಂಥ ಮನುಷ್ಯನೇ ಎಂದು ಅವನಿಗೆ ಆಶ್ಚರ್ಯವಾಯಿತು, ಆಶ್ಚರ್ಯಕ್ಕಿಂತ ಹೆಚ್ಚಾಗಿ ಅಸಹ್ಯವಾಯಿತು. ಹೋದವಾರ ಅಂಗೈ ನೋಡಿಕೊಂಡವನೂ ಇವನೇ ಅಲ್ಲವೆ. ಗೋಡೆಯಾಚೆ ಒಬ್ಬಳು ತನ್ನ ಕೈಗಳು ಸರಿಯಾಗಿವೆಯೋ ಇಲ್ಲವೋ ಎಂಬುದು ಗೊತ್ತಾಗಲೆಂದು ಉಸಿರು ಹಿಡಿದು ನಿಂತಿದ್ದಾಳೆ. ಅದು ಗೊತ್ತಿರುವವನು ಇಡೀ ಲೋಕದಲ್ಲಿ ತಾನೊಬ್ಬನೇ.

ಇಪ್ಪತ್ನಾಲ್ಕು ಎಂದು ಬರೆದು ಒತ್ತಿದ.

ಗೋಡೆಯಾಚೆ ಅವಳ ಸಪ್ಲೈ ‘ಟಕ್’ ಎಂದಿತು. ಆಮೇಲೆ ಮುಖ್ಯಸ್ಥರ ದನಿ ಬಂತು, ಪ್ಲೈವುಡ್ಡಿಗೆ ಬಾಯಿ ಹಚ್ಚಿ ಕೇಳಿದಂತಿತ್ತು. “ಅಲ್ರೀ, ಹಾಗಾದ್ರೆ ಇಷ್ಟು ದಿನ ನಿಮ್ಮದು ಹೇಗೆ ನಡೀತು?”

“ಕೈಯಲ್ಲಿ ತಿರುಗಿಸ್ತಿದ್ದೆ ಸಾರ್,” ಅಂದ. ಗೋಡೆ ದಾಟಬೇಕಲ್ಲ, ಗಟ್ಟಿಯಾಗಿಯೇ ಹೇಳಬೇಕಾಯಿತು. ಓಣಿಯಲ್ಲಿ ಯಾರದೋ ಚಪ್ಪಲಿಯ ಸದ್ದು ನಿಂತಿತು. “ಬಾಗಿಲು ಹಾಕ್ಕೊಂಡು. ಕಂಪ್ಯೂಟರು ಎಷ್ಟು ಅಂತಿತ್ತೋ ಅಷ್ಟು ಎಡಗೈಯಲ್ಲಿ ತಿರುಗಿಸ್ತಿದ್ದೆ. ಯಾಕೆ ಕೆಲಸ ಮಾಡ್ತಿಲ್ಲ ಅಂತ ಕೇಳೋಕೆ ನಾಚಿಕೆ ಆಯ್ತು.”

ಓಣಿಯಲ್ಲಿ ಯಾರೋ ಕಿಸಕ್ಕೆಂದರು. ನಗಲಿ ಎಂದುಕೊಂಡ. ಐವತ್ತೆರಡನೆಯ ವಯಸ್ಸಿನಲ್ಲಿ ಕಿವಿ ಕೆಂಪಾದರೆ ನಲವತ್ತು ವರ್ಷದ ಹಿಂದಿನಷ್ಟೇ ಸುಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಮುಖ್ಯಸ್ಥರು ಏನೋ ಹೇಳಲು ಹೋದರು. ಅವಳ ದನಿ ಅದನ್ನು ತಡೆದು ಬಂತು, ತಣ್ಣಗೆ, ಹಾಳೆ ನೋಡಿ ಓದುವವಳ ದನಿ.

“ಸಾರ್, ಒಂದನೇ ಬೋರ್ಡು. ಹದಿನೆಂಟು ವೋಲ್ಟಿಗೆ ಸುಟ್ಟಿದ್ದು. ಹದಿನೆಂಟು ಮಾಡಿ.”

ಅವನು ಹದಿನೆಂಟು ಮಾಡಿದ. ಟಕ್.

“ನೋಡಿ ಸಾರ್, ಹದಿನೆಂಟು,” ಎಂದು ಆ ಕಡೆ ಮುಖ್ಯಸ್ಥರಿಗೆ ತೋರಿಸಿದಳು. “ಸರಿ, ಆಫ್ ಮಾಡಿ. ಎರಡನೇದು ಇಪ್ಪತ್ನಾಲ್ಕು.”

ಅವನು ಮಾಡಿದ. ಮೂರನೆಯದು ಮೂವತ್ತು, ಮಾಡಿದ. ಆಫ್, ಮಾಡಿದ. ನಾಲ್ಕನೆಯದು, ಐದನೆಯದು, ಆರನೆಯದು. ಅವಳು ಒಂದನ್ನೂ ಬಿಡಲಿಲ್ಲ, ಅವಸರವೂ ಮಾಡಲಿಲ್ಲ. ಎಂಟನೆಯದರ ಹೊತ್ತಿಗೆ ಮುಖ್ಯಸ್ಥರು, “ಸಾಕಲ್ಲಮ್ಮ, ಗೊತ್ತಾಯ್ತು, ನಾನು ಬರೆದದ್ದನ್ನ ಹರಿದು ಹಾಕ್ತೀನಿ” ಅಂದರು. “ಇನ್ನು ಮೂರೇ ಸಾರ್,” ಅಂದಳು. ಇವನು ಬೆರಳನ್ನು ಕೀಲಿಯ ಮೇಲಿಟ್ಟುಕೊಂಡು ಮುಂದಿನ ಮಾತಿಗೆ ಕಾದ. ಅವಮಾನ ಇದ್ದಲ್ಲೇ ಇತ್ತು. ಆದರೆ ಅವಳು ಹೇಳಿದ್ದು ಹೇಳಿದ ಕಡೆಗೇ ಹೋಗುತ್ತಿತ್ತು, ಹೇಳಿದಷ್ಟೇ ಆಗುತ್ತಿತ್ತು, ಒಂಬತ್ತು ದಿನದಲ್ಲಿ ಈ ಮಹಡಿಯಲ್ಲಿ ಮೊದಲ ಸಲ.

ಹನ್ನೊಂದನೆಯದು ಮುಗಿಯಿತು. ಆಮೇಲೆ ಆ ಕಡೆ ಅವಳು ಮೂಗು ಎಳೆದುಕೊಂಡ ಸದ್ದು, ಮತ್ತೊಮ್ಮೆ. ಮುಖ್ಯಸ್ಥರು ಗಾಬರಿಯಾಗಿ ಟೀ ತರಿಸಲೇ ಎಂದು ಕೇಳಿದರು. ಇವನಿಗೆ ತನ್ನ ಕಣ್ಣೂ ಮಂಜಾದದ್ದು ಗೊತ್ತಾಯಿತು.

“ಸಾರ್,” ಎಂದಳು ಗೋಡೆಯಾಚೆಯಿಂದ.

“ಹೇಳಮ್ಮ.”

“ಇನ್ನೊಂದು ಸಲ ಇಪ್ಪತ್ನಾಲ್ಕು ಮಾಡಿ.”

“ಪಟ್ಟಿ ಮುಗೀತಲ್ಲಮ್ಮ?”

“ಮುಗೀತು. ಇದು ನನಗೋಸ್ಕರ. ನನ್ನ ಕೈ ಮುಟ್ಟದೇ ಏರೋದನ್ನ ಇನ್ನೊಂದ್ಸಲ ನೋಡ್ಬೇಕು.”

ಅವನು ಒತ್ತಿದ.